ಬಾಡಿಗೆ ಸರ್ವರು, ನಮ್ಮ ಕಾಗದಪತ್ರ



ಪೋಸ್ಟ್ ಉದ್ದ ಐತಿ. ಪುರುಸೊತ್ತು ಇದ್ದಾಗ ಓದ್ರಿ, ಸೇವ್ ಮಾಡಿ ಇಟ್ಕೊಳ್ರಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕಿನ ಗೆಳೆಯರು ಸೇರಿ ನಡೆಸೋ ದಾಖಲೆ ಸೈಟಿನ ಬಗ್ಗೆ ಬೇರೆ ಜಿಲ್ಲೆಯ ಸಂಗಾತಿಗಳು ಕೇಳ್ತಾನೇ ಇದ್ದಾರೆ. ಎಷ್ಟು ಖರ್ಚು? ಎಲ್ಲಿ ಇಟ್ಟೀರಿ? ಬಂದ್ ಬಿದ್ರ ಯಾರು ರಿಪೇರಿ ಮಾಡ್ತಾರ? ಮೊದಲ ಎರಡಕ್ಕೆ ಒಂದೊಂದು ಸಾಲಿನ ಉತ್ತರ ಸಾಕು. ತಿಂಗಳಿಗೆ ಸುಮಾರು 600 ರೂಪಾಯಿ, 12 ಮಂದಿ ತಲಾ 50 ಹಾಕ್ತೀವಿ. ಇಟ್ಟಿರೋದು ಬಾಡಿಗೆ ಸರ್ವರಿನಲ್ಲಿ, ಅದಕ್ಕ ವಿಪಿಎಸ್ ಅಂತಾರ. ಮೂರನೇ ಪ್ರಶ್ನೆಗೆ ಉತ್ತರ: ನಾವೇ ಮಾಡ್ತೀವಿ. ನಮ್ಮಲ್ಲಿ ಒಬ್ಬರೂ ಎಂಜಿನಿಯರ್ ಇಲ್ಲ. ನಾನು ಬಿ.ಎ. ಓದಿದವಳು, ಹಗಲೆಲ್ಲ ಆಫೀಸಿನಲ್ಲಿ ಕಡತ ನೋಡೋ ಕ್ಲರ್ಕು. ಹೆಂಗ ಮಾಡ್ತೀವಿ ಅನ್ನೋದನ್ನ ಬರೆದು ಹಾಕಿದರೆ ಇನ್ನೊಂದು ನಾಲ್ಕು ಕಡೆ ಇಂಥ ಸೈಟ್ ಹುಟ್ಟಬಹುದು. ಅದಕ್ಕೇ ಈ ಪೋಸ್ಟ್.

ಮೊದಲು, ಅದರೊಳಗೆ ಏನೈತಿ ಅಂತ ಹೇಳ್ತೀನಿ. ದಲಿತ ಸಂಘರ್ಷ ಸಮಿತಿ ಕಾಲದ ಕರಪತ್ರಗಳು. ಸ್ಮಶಾನ ಜಾಗಕ್ಕಾಗಿ ಕೊಟ್ಟ ಮನವಿಗಳು, ಅವುಗಳ ಮೇಲಿನ ಸ್ವೀಕೃತಿ ಸೀಲು. ಭೂಮಿ ಮಂಜೂರಿ ಆದೇಶಗಳ ಸ್ಕ್ಯಾನ್ ಪ್ರತಿ. ಪಿಟಿಸಿಎಲ್ ಕೇಸುಗಳ ಆದೇಶ. ಮಾಹಿತಿ ಹಕ್ಕಿನಲ್ಲಿ ಪಡೆದ ಉತ್ತರಗಳು. ಮನೆಯ ಟ್ರಂಕಿನಲ್ಲಿ, ಗೋಡೆಯ ಗೂಡಿನಲ್ಲಿ, ಗೆದ್ದಲು ಹಿಡಿಯೋ ಕಡೆ ಇದ್ದ ಕಾಗದ ಇವು.

ಊರ ದಫ್ತರ ತಲೆಮಾರುಗಟ್ಟಲೆ ಕುಲಕರ್ಣಿಯ ಮನೆಯಲ್ಲಿತ್ತು. ಯಾರ ಹೊಲ, ಯಾರ ಹೆಸರು, ಯಾವ ಸರ್ವೆ ನಂಬರು ಅಂತ ಬರೆಯೋ ಕೈ ನಮ್ಮದಾಗಿರಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದು ವಂಶಪಾರಂಪರ್ಯ ಹುದ್ದೆಗಳು ಹೋದವು, ಆದರೆ ಕಾಗದ ಇಟ್ಟುಕೊಳ್ಳುವ ರೂಢಿ ನಮ್ಮ ಓಣಿಗೆ ತಾನಾಗಿ ಬರಲಿಲ್ಲ. ಅದನ್ನ ನಾವೇ ಕಲಿಯಬೇಕು. ಸರ್ವರು ಬಂದ್ ಬಿದ್ರ ನನಗ ಹೊಟ್ಟ್ಯಾಗ ಕಲಸಿದಂಗ ಆಗೋದು ಇದಕ್ಕೇ.

"ಫೇಸ್‌ಬುಕ್ ಪೇಜ್ ಸಾಲದೇನು?" ಅಂತ ಕೇಳೋರಿಗೆ: ನಾಲ್ಕು ಮಂದಿ ಕೂಡಿ ರಿಪೋರ್ಟ್ ಹೊಡೆದರೆ ಪೇಜ್ ಹೋಗಬಹುದು. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದ ಕಾಗದದ ಅಕ್ಷರ ಮಬ್ಬಾಗುತ್ತದೆ. ಪುಕ್ಕಟೆ ಡ್ರೈವ್ 15 ಜಿಬಿಗೆ ತುಂಬುತ್ತದೆ.

ವಿಪಿಎಸ್ ಅಂದ್ರ ದೊಡ್ಡ ವಠಾರದಾಗ ಒಂದು ಖೋಲಿ ಇದ್ದಂಗ. ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ ಭಾರಿ ಯಂತ್ರ ಇರುತ್ತದೆ, ಅದನ್ನು ಸಾಫ್ಟ್‌ವೇರಿನಿಂದ ಹೋಳು ಮಾಡಿ ಬಾಡಿಗೆಗೆ ಕೊಡ್ತಾರೆ. ನಮ್ಮ ಹೋಳಿಗೆ 1 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕ್. ಒಳಗೆ ಉಬುಂಟು ಲಿನಕ್ಸ್, ಅದರ ಮೇಲೆ ಎನ್‌ಜಿನ್‌ಎಕ್ಸ್, ಪಿಎಚ್‌ಪಿ, ಮರಿಯಾಡಿಬಿ ಅನ್ನೋ ಡೇಟಾಬೇಸ್, ವರ್ಡ್‌ಪ್ರೆಸ್. ಯಂತ್ರ ಅವರದು, ಕರೆಂಟು ಅವರದು, ನೆಟ್ಟು ಅವರದು. ಖೋಲಿಯೊಳಗಿನ ಎಲ್ಲ ಉಸಾಬರಿ ನಮ್ಮದು.

ನಾನು ಕ್ಲರ್ಕ್ ಆಗಿ ಬೇರೆ ಊರಿಗೆ ಹೋದಾಗ ಬಾಡಿಗೆ ಮನೆ ಹುಡುಕಿದ್ದೆ. ಬಾಡಿಗೆ ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಅನ್ನೋ ಮಾತಿಗಿಂತ ಮೊದಲು "ನೀವು ಯಾವ ಪೈಕಿರಿ?" ಅಂತ ಬರ್ತಿತ್ತು. ಹೇಳಿದ ಮೇಲೆ ಆ ಮನೆ "ನಿನ್ನೇನೇ ಹೋಯ್ತಲ್ರಿ" ಆಗ್ತಿತ್ತು. ಸರ್ವರ್ ಕಂಪನಿ ಆ ಪ್ರಶ್ನೆ ಕೇಳಲಿಲ್ಲ, ಕಾರ್ಡ್ ನಂಬರು, ಫೋನ್ ನಂಬರು ಕೇಳ್ತು. ಅಷ್ಟು ಮಾತ್ರಕ್ಕೆ ಅದು ನಮ್ಮ ಸ್ವಂತ ಮನೆ ಆಗೋದಿಲ್ಲ. ಬಾಡಿಗೆ ನಿಂತ ದಿನ ಬೀಗ ಬೀಳ್ತದ. ಇದನ್ನ ತಲೆಯಲ್ಲಿಟ್ಟುಕೊಂಡೇ ಮುಂದೆ ಓದ್ರಿ.

ಮೊದಲು ಎಲ್ಲಿ ಕೆಟ್ಟೈತಿ ನೋಡ್ರಿ

"ಅಕ್ಕಾ, ಸೈಟ್ ಓಪನ್ ಆಗವಲ್ದು." ಈ ಮೆಸೇಜಿಗೆ ಕನಿಷ್ಠ ನಾಲ್ಕು ಅರ್ಥ ಇರಬಹುದು. ನಿಮ್ಮ ಫೋನಿನ ನೆಟ್ಟು ಕೆಟ್ಟಿರಬಹುದು. ಸೈಟಿನ ಹೆಸರು, ಅಂದ್ರ ಡೊಮೇನು, ಸರಿಯಾದ ವಿಳಾಸ ತೋರಿಸದೆ ಇರಬಹುದು. ಸರ್ವರೇ ಬಿದ್ದಿರಬಹುದು. ಸರ್ವರು ನೆಟ್ಟಗಿದ್ದು ಒಳಗಿನ ಒಂದು ಪ್ರೋಗ್ರಾಂ ಸತ್ತಿರಬಹುದು.

ನಾಲ್ಕು ತಾಲ್ಲೂಕಿನಲ್ಲಿ ಗೆಳೆಯರು ಇರೋದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಕಂಪನಿಯ ಸಿಮ್ ಇರೋ ನಾಲ್ವರಿಗೆ ನೋಡಲು ಹೇಳ್ತೀವಿ. ಮುದ್ದೇಬಿಹಾಳದಾಗ ತೆರೀತದ, ಇಂಡ್ಯಾಗ ತೆರೆಯೋದಿಲ್ಲ ಅಂದ್ರ ಸರ್ವರು ಜೀವಂತ ಐತಿ, ತೊಂದರೆ ನಡುವೆ ಎಲ್ಲೋ ಐತಿ. ಎಲ್ಲಾ ಕಡೆ ಒಂದೇ ದೋಷ ಬಂದರೆ ಮಾತ್ರ ಸರ್ವರಿನ ಕಡೆ ಹೋಗೋದು. ಪಿಂಗ್ ಮಾಡಿದಾಗ ಉತ್ತರ ಬರಲಿಲ್ಲ ಅಂತ ಸತ್ತೇ ಹೋಯ್ತು ಅನ್ನಬ್ಯಾಡ್ರಿ, ಎಷ್ಟೋ ಕಡೆ ಪಿಂಗಿಗೆ ಉತ್ತರ ಕೊಡೋದನ್ನ ತಡೆದಿರ್ತಾರೆ.

ಆಮೇಲೆ ಪರದೆ ಮೇಲೆ ಬಂದ ಸಾಲನ್ನು ಇದ್ದದ್ದು ಇದ್ದಂಗ ಓದ್ರಿ. "502" ಅಂತ ಬಂದ್ರ ಬಾಗಿಲಿನಲ್ಲಿ ನಿಂತ ಎನ್‌ಜಿನ್‌ಎಕ್ಸ್ ಬದುಕೈತಿ, ಒಳಗಿನ ಪಿಎಚ್‌ಪಿ ಉತ್ತರ ಕೊಡವಲ್ದು. ಡೇಟಾಬೇಸ್ ಸಂಪರ್ಕ ಆಗಲಿಲ್ಲ ಅಂತ ಬಂದ್ರ ಮರಿಯಾಡಿಬಿ ಕಡೆ ನೋಡಬೇಕು. ಏನೂ ಬರದೆ ಸುಮ್ಮನೆ ತಿರುಗುತ್ತಾ ಕೂತರೆ ಫೈರ್‌ವಾಲ್ ಇರಬಹುದು, ಸರ್ವರೇ ಬಂದ್ ಇರಬಹುದು. ಸ್ಕ್ರೀನ್‌ಶಾಟ್ ಇಲ್ಲದೆ "ಬರವಲ್ದು" ಅಂತ ಹೇಳೋದು ಡಾಕ್ಟರ್ ಹತ್ರ ಹೋಗಿ "ನೋಯಾಕತ್ತದ" ಅಂತ ಮಾತ್ರ ಹೇಳಿದಂಗ.

ನಮ್ಮ ಹಿರಿಯರೊಬ್ಬರು ಸೈಟ್ ಬಂದ್ ಬಿದ್ದಾಗೊಮ್ಮೆ "ಕರೆಂಟ್ ಹೋಗ್ಯಾದೇನವಾ?" ಅಂತ ಕೇಳ್ತಾರೆ. ಕೂಡಗಿಯಲ್ಲಿ 2400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ, ಆಲಮಟ್ಟಿಯಲ್ಲಿ 290 ಮೆಗಾವಾಟ್ ಜಲವಿದ್ಯುತ್, ಎರಡೂ ನಮ್ಮ ಬಾಗೇವಾಡಿ ಸೀಮೆಯವೇ. ಆದರೂ ನಮ್ಮ ಹಳ್ಳಿಗಳಲ್ಲಿ ಕರೆಂಟ್ ಹೋಗೋದು ತಪ್ಪಿಲ್ಲ, ಹಂಗಾಗಿ ಅವರ ಪ್ರಶ್ನೆ ಸರಿಯಾಗೇ ಐತಿ. ಸರ್ವರು ಮಾತ್ರ ನಮ್ಮ ಊರಾಗಿಲ್ಲ ಕಾಕಾ, ಅಲ್ಲಿ ಜನರೇಟರ್ ಇರ್ತದ.

ಡಿಸ್ಕ್ ತುಂಬೋದು

ಎಲ್ಲಕ್ಕಿಂತ ಹೆಚ್ಚು ಸಲ ಕಾಡಿದ್ದು ಇದು.

ಸಿಂದಗಿ ತಾಲ್ಲೂಕಿನ ಒಬ್ಬ ಕಾಕಾ. ಅವರ ತಂದೆಗೆ ಸರ್ಕಾರ ಕೊಟ್ಟ ಜಮೀನು ಬೇರೆಯವರ ಕೈಗೆ ಹೋಗಿ ಎಷ್ಟೋ ವರ್ಷ ಆಗಿತ್ತು. ಪಿಟಿಸಿಎಲ್ ಕಾಯ್ದೆ 1978ರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿ ನಿಯಮ ಮೀರಿ ಕೈ ಬದಲಾದರೆ ಅದನ್ನು ವಾಪಸ್ ಕೊಡಿಸಲು ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಿರಬೇಕು ಅಂದ ಮೇಲೆ "ತಡ ಆಯ್ತು" ಅಂತ ಬಹಳ ಅರ್ಜಿ ಬಿದ್ದುಹೋದವು. 2023ರಲ್ಲಿ ತಿದ್ದುಪಡಿ ಬಂದು ಕಾಲಮಿತಿ ಅನ್ವಯಿಸೋದಿಲ್ಲ ಅಂತ ಆಯ್ತು. ಹಳೆ ಕಾಗದಕ್ಕೆ ಮತ್ತೆ ಜೀವ ಬಂತು.

ಕಾಕಾನ ಮನೆಯ ಮೂಲ ಮಂಜೂರಿ ಕಾಗದ ಗೆದ್ದಲಿಗೆ ಹೋಗಿತ್ತು. ಅದಕ್ಕೂ ಮೊದಲು ನಮ್ಮ ಹುಡುಗರು ಮಾಡಿದ ಸ್ಕ್ಯಾನ್ ನಮ್ಮ ಸರ್ವರಿನಲ್ಲಿತ್ತು. ಸ್ಕ್ಯಾನ್ ಪ್ರತಿ ಕೋರ್ಟಿನಲ್ಲಿ ಮೂಲ ಅಲ್ಲ, ನಿಜ. ಆದರೆ ಆದೇಶದ ನಂಬರು, ತಾರೀಖು ಅದರಾಗ ಇರ್ತಾವ. ಅವೆರಡು ಇದ್ದರೆ ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ದೃಢೀಕೃತ ನಕಲಿಗೆ ಅರ್ಜಿ ಕೊಡಬಹುದು. ಇಲ್ಲದಿದ್ದರೆ "ಹುಡುಕಿದ್ವಿ, ಸಿಗಲಿಲ್ಲ" ಅನ್ನೋ ಹಿಂಬರಹ ಬರುತ್ತದೆ. ನಾನು ಕ್ಲರ್ಕು, ಆ ಹಿಂಬರಹ ಹೆಂಗ ಹುಟ್ಟುತ್ತದೆ ಅಂತ ನನಗೆ ಗೊತ್ತು.

ವಿಚಾರಣೆ ಮರುದಿನ. ಹಿಂದಿನ ಸಂಜೆ ಸೈಟ್ ಬಂದ್. ಡೇಟಾಬೇಸ್ ಸಂಪರ್ಕ ಇಲ್ಲ ಅನ್ನೋ ಸಾಲು.

ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಲು ಆಯ್ತು. ಡಿಎಫ್ ಅನ್ನೋ ಕಮಾಂಡ್ ಕೊಟ್ಟರೆ ಡಿಸ್ಕ್ 100%. ಡೇಟಾಬೇಸಿಗೆ ಒಂದು ಸಾಲು ಬರೆಯಲೂ ಜಾಗ ಇಲ್ಲದಾಗ ಅದು ನಿಂತುಬಿಡುತ್ತದೆ. ನಮ್ಮ ದಾಖಲೆ ಎಲ್ಲ ಸೇರಿ 9 ಜಿಬಿ ಇದ್ದವು, ಉಳಿದದ್ದು ತಿಂದೋರು ಯಾರು? ಡಿಯು ಕಮಾಂಡಿನಿಂದ ಫೋಲ್ಡರ್ ಫೋಲ್ಡರ್ ತೂಕ ಮಾಡ್ತಾ ಹೋದ್ವಿ. ಒಂದೇ ಒಂದು ಲಾಗ್ ಫೈಲು, 11 ಜಿಬಿ. ತಾನಾಗಿ ಅಪ್‌ಡೇಟ್ ಆದ ಒಂದು ಪ್ಲಗಿನ್, ಯಾರು ಸೈಟಿಗೆ ಬಂದರೂ ಒಂದಿಷ್ಟು ಎಚ್ಚರಿಕೆ ಸಾಲು ಬರೆದು ಬರೆದು ಗುಡ್ಡ ಹಾಕಿತ್ತು. ಹಗಲು ರಾತ್ರಿ ರೋಬೋಟುಗಳು ಸೈಟ್ ಬಡಿತಾನೇ ಇರ್ತಾವ, ಪ್ರತಿ ಸಲಕ್ಕೂ ಹತ್ತು ಸಾಲು.

ಇಲ್ಲಿ ಒಂದು ಮಾತು ನೆನಪಿಡ್ರಿ. ಲಾಗ್ ಫೈಲನ್ನ ಅಳಿಸಿದ ತಕ್ಷಣ ಜಾಗ ಸಿಗದೆ ಇರಬಹುದು. ಯಾವ ಪ್ರೋಗ್ರಾಂ ಆ ಫೈಲನ್ನ ತೆರೆದು ಹಿಡಿದಿರುತ್ತದೋ, ಅದು ಬಿಡುವ ತನಕ ಡಿಸ್ಕ್ ಬಿಡೋದಿಲ್ಲ. ಅಳಿಸೋ ಬದಲು ಫೈಲನ್ನ ಖಾಲಿ ಮಾಡಬೇಕು, ಅದಕ್ಕೆ ಟ್ರಂಕೇಟ್ ಕಮಾಂಡ್ ಐತಿ. ಖಾಲಿ ಮಾಡಿ, ಆ ಪ್ಲಗಿನ್ ಬಂದ್ ಮಾಡಿ, ಡೇಟಾಬೇಸ್ ಮತ್ತೆ ಚಾಲೂ ಮಾಡಿದ್ವಿ. ರಾತ್ರಿ ಒಂಬತ್ತಕ್ಕೆ ಸೈಟ್ ಬಂತು. ಬೆಳಿಗ್ಗೆ ಝೆರಾಕ್ಸ್ ಅಂಗಡಿ ಬಾಗಿಲು ತೆರೆಯೋದೇ ತಡ, ಪ್ರಿಂಟ್ ತೆಗೆದು ವಕೀಲರ ಕೈಗೆ ಕೊಟ್ವಿ. ಅವತ್ತೇ ನಕಲಿನ ಅರ್ಜಿ ಹೋಯ್ತು, ವಿಚಾರಣೆಗೆ ಮುಂದಿನ ತಾರೀಖು ಸಿಕ್ತು. ಕೇಸು ಇನ್ನೂ ನಡೆದೈತಿ.

ಈಗ ಆ ಫೈಲು ವಾರಕ್ಕೊಮ್ಮೆ ತಾನೇ ಕತ್ತರಿಸಿಕೊಳ್ಳುವಂತೆ ಲಾಗ್‌ರೊಟೇಟ್ ಹಾಕಿದ್ದೀವಿ. ಡಿಸ್ಕ್ 80% ದಾಟಿದರೆ ಮೂವರ ಫೋನಿಗೆ ಮೆಸೇಜ್ ಬರುತ್ತದೆ. ಇನ್ನೊಂದು: ಜಾಗ ಉಳಿದಿದ್ದರೂ "ಜಾಗ ಇಲ್ಲ" ಅಂದರೆ ಐನೋಡ್ ಎಣಿಕೆ ನೋಡ್ರಿ. ಫೈಲುಗಳ ಸಂಖ್ಯೆಗೂ ಒಂದು ಮಿತಿ ಇರುತ್ತದೆ, ಲಕ್ಷಗಟ್ಟಲೆ ಸಣ್ಣ ಕ್ಯಾಶ್ ಫೈಲು ಅದನ್ನ ತಿಂದಿರ್ತಾವ.

ಏಪ್ರಿಲ್ 14ರ ಗದ್ದಲ

ಅಂಬೇಡ್ಕರ್ ಜಯಂತಿ ದಿನ, ಡಿಸೆಂಬರ್ 6ರ ಪರಿನಿಬ್ಬಾಣ ದಿನ ನಮ್ಮ ಸೈಟಿಗೆ ಮಂದಿ ಹೆಚ್ಚು. ಭಾಷಣಕ್ಕೆ ವಿಷಯ ಬೇಕು, ಹಳೆ ಕರಪತ್ರ ಬೇಕು. 1 ಜಿಬಿ ರ್‍ಯಾಮ್ ತುಂಬಿದಾಗ ಲಿನಕ್ಸ್ ಕರ್ನಲ್ ಏನು ಮಾಡ್ತದ ಅಂದ್ರ, ಹೆಚ್ಚು ಮೆಮೊರಿ ಹಿಡಿದ ಪ್ರೋಗ್ರಾಮನ್ನ ಹುಡುಕಿ ಕೊಂದು ಹಾಕ್ತದ. ನಮ್ಮಲ್ಲಿ ಹೆಚ್ಚಾಗಿ ಬಲಿ ಆಗೋದು ಡೇಟಾಬೇಸ್. ಯಾವ ಸುಳಿವೂ ಇಲ್ಲದೆ ಅದು ನಿಂತಿದ್ದರೆ ಕರ್ನಲ್ ಲಾಗಿನಲ್ಲಿ "ಔಟ್ ಆಫ್ ಮೆಮೊರಿ" ಅಂತ ಇದೆಯಾ ನೋಡ್ರಿ.

ಮದ್ದು ಮೂರು. 2 ಜಿಬಿ ಸ್ವಾಪ್ ಫೈಲ್ ಮಾಡಿಡೋದು. ಇದು ರ್‍ಯಾಮಿನಷ್ಟು ಚುರುಕಲ್ಲ, ಆದರೆ ಸಾಯೋದನ್ನ ತಪ್ಪಿಸುತ್ತದೆ. ಪಿಎಚ್‌ಪಿ ಒಮ್ಮೆಗೇ ಎಷ್ಟು ಕೆಲಸಗಾರರನ್ನ ಎಬ್ಬಿಸಬೇಕು ಅನ್ನೋ ಸಂಖ್ಯೆಯನ್ನ ಇಳಿಸೋದು. ಪುಟಗಳನ್ನ ಕ್ಯಾಶ್ ಮಾಡಿಡೋದು, ಅಂದ್ರ ಒಬ್ಬರಿಗೆ ಬೇಯಿಸಿದ್ದನ್ನೇ ನೂರು ಮಂದಿಗೆ ಬಡಿಸೋದು. ಇವು ಮೂರು ಮಾಡಿದ ಮೇಲೆ ಎರಡು ಜಯಂತಿ ದಾಟಿದ್ವಿ, ಬಿದ್ದಿಲ್ಲ. ಮತ್ತೆ, 40 ಎಂಬಿ ಸ್ಕ್ಯಾನ್ ಹಾಕೋ ಮೊದಲು ಅದನ್ನ ಕಡಿಮೆ ಮಾಡ್ರಿ. ಹಳ್ಳಿಯಲ್ಲಿ ದಿನದ ಡೇಟಾ ಪ್ಯಾಕ್ ಎಣಿಸಿ ಬಳಸೋ ಹುಡುಗಿಗೆ ಆ 40 ಎಂಬಿ ಸಣ್ಣದಲ್ಲ.

ಬೀಗದ ಗುರುತು ಮತ್ತು ಗಾಳಿಮಾತು

ಒಂದು ಮುಂಜಾನೆ ಗ್ರೂಪುಗಳಲ್ಲಿ "ಸೈಟ್ ಹ್ಯಾಕ್ ಆಗ್ಯಾದ, ಯಾರೂ ತೆರೀಬ್ಯಾಡ್ರಿ" ಅಂತ ಓಡಾಡಿತು. ಆಗಿದ್ದು ಇಷ್ಟು: ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡೋ ಎಸ್‌ಎಸ್‌ಎಲ್ ಪ್ರಮಾಣಪತ್ರದ ಅವಧಿ 90 ದಿನ. ಸರ್ಟ್‌ಬಾಟ್ ಅನ್ನೋ ಪ್ರೋಗ್ರಾಂ ಅದನ್ನ ತಾನೇ ನವೀಕರಣ ಮಾಡ್ತದ, ಆದರೆ ನಮ್ಮ ಸೆಟ್ಟಿಂಗಿನಲ್ಲಿ ಅದಕ್ಕೆ 80ನೇ ಪೋರ್ಟ್ ತೆರೆದಿರಬೇಕು. ಕಂಪನಿಯವರು ತಮ್ಮ ಪ್ಯಾನೆಲಿನ ಫೈರ್‌ವಾಲ್ ಬದಲಿಸಿದಾಗ ಆ ಪೋರ್ಟ್ ಮುಚ್ಚಿತ್ತು. ನವೀಕರಣ ಆಗಲಿಲ್ಲ, ಬ್ರೌಸರ್ ಕೆಂಪು ಪುಟ ತೋರಿಸ್ತು. ಪೋರ್ಟ್ ತೆರೆದು ಸರ್ಟ್‌ಬಾಟ್ ಮತ್ತೊಮ್ಮೆ ಓಡಿಸಿದ್ವಿ, ಐದು ನಿಮಿಷದ ಕೆಲಸ. ಗಾಳಿಮಾತು ನಿಲ್ಲಲು ಐದು ದಿನ ಬೇಕಾಯ್ತು. ಮೊದಲು ಅವಧಿ ಮುಗಿಯುವ ಮುಂಚೆ ಅವರಿಂದ ಈಮೇಲ್ ಬರ್ತಿತ್ತು, 2025ರ ಜೂನಿನಿಂದ ಅದನ್ನೂ ನಿಲ್ಲಿಸಿದ್ದಾರೆ. ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಬರೆದಿಡ್ರಿ.

ಕನ್ನಡದ್ದೇ ಬೇರೆ ಕಷ್ಟ

ಇಂಗ್ಲಿಷಿನಲ್ಲಿ ಬರೆದ ಸಲಹೆಗಳಲ್ಲಿ ಇದು ಸಾಮಾನ್ಯವಾಗಿ ಇರೋದಿಲ್ಲ, ಅದಕ್ಕೆ ಬಿಡಿಸಿ ಹೇಳ್ತೀನಿ.

ಸರ್ವರು ಬದಲಿಸಿದ ಮೇಲೆ ಕನ್ನಡ ಬರಹ ಹಾಳಾಗಿ ಕಂಡರೆ ಎರಡು ಬಗೆ ಇರುತ್ತದೆ. ಒಂದು, ತಲೆ ಮೇಲೆ ಗೀಟು ಇರೋ ಇಂಗ್ಲಿಷ್ ಅಕ್ಷರಗಳ ಸಾಲು. ಗಾಬರಿ ಆಗಬ್ಯಾಡ್ರಿ, ಹೆಚ್ಚಿನ ಸಲ ಒಳಗೆ ಬರಹ ಸುರಕ್ಷಿತವಾಗಿ ಇರುತ್ತದೆ, ಓದೋ ಸಂಕೇತ ಮಾತ್ರ ತಪ್ಪಿರುತ್ತದೆ. ಇನ್ನೊಂದು, ಬರೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಡೇಟಾಬೇಸಿನ ಒಳಗೇ ಹಂಗ ಕೂತಿದ್ದರೆ ಕನ್ನಡ ಅಕ್ಷರ ಅಲ್ಲಿಲ್ಲ, ಹಳೆ ಬ್ಯಾಕಪ್ಪಿನಿಂದ ಮತ್ತೆ ತುಂಬಬೇಕು.

ಡೇಟಾಬೇಸಿನಲ್ಲಿ "ಯುಟಿಎಫ್8" ಅಂತ ಇದ್ದರೆ ಸಾಲದು, "ಯುಟಿಎಫ್8ಎಂಬಿ4" ಇರಬೇಕು. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಸಾಕು, ಹಳೆಯದರಲ್ಲೂ ನಡೆಯುತ್ತದೆ. ಆದರೆ ನಮ್ಮ ಹುಡುಗರು ಬರಹದ ನಡುವೆ "ಜೈ ಭೀಮ್" ಬರೆದು ಒಂದು ನೀಲಿ ಹೃದಯ ಹಾಕ್ತಾರಲ್ಲ, ಆ ಇಮೋಜಿಗೆ 4 ಬೈಟ್ ಬೇಕು. ಹಳೆ ಸೆಟ್ಟಿಂಗಿನಲ್ಲಿ ನೀಲಿ ಹೃದಯದ ಹತ್ತಿರ ಬರಹ ಕತ್ತರಿಸಿ ಹೋಗಿ, ಮುಂದಿನ ಮೂರು ಪುಟ ಕಾಣೆ ಆಗಿದ್ದನ್ನ ಕಣ್ಣಾರೆ ಕಂಡೀನಿ.

ಫೈಲಿನ ಹೆಸರು ಕನ್ನಡದಲ್ಲಿ ಉದ್ದ ಇಟ್ಟರೆ "ಹೆಸರು ಬಹಳ ಉದ್ದ" ಅಂತ ತಕರಾರು. ಲಿನಕ್ಸಿನ ಮಿತಿ 255 ಬೈಟ್. ಇಂಗ್ಲಿಷಿಗೆ 255 ಅಕ್ಷರ ಆದರೆ ಕನ್ನಡಕ್ಕೆ 85 ಸಂಕೇತ ಅಷ್ಟೇ. "ಕ್ಷೇ" ಅನ್ನೋ ಒಂದೇ ಅಕ್ಷರದಲ್ಲಿ ನಾಲ್ಕು ಸಂಕೇತ, 12 ಬೈಟ್. "ತಹಶೀಲ್ದಾರರಿಗೆ ಸಲ್ಲಿಸಿದ ಮನವಿ" ಅಂತ ಪೂರ್ತಿ ಕತೆ ಫೈಲ್ ಹೆಸರಿನಲ್ಲಿ ಬರೆಯೋ ಬದಲು ತಾಲ್ಲೂಕು, ವರ್ಷ, ಕ್ರಮಸಂಖ್ಯೆ ಸಾಕು. ಕತೆ ಒಳಗಿನ ಪುಟದಲ್ಲಿ ಇರಲಿ.

ಹಳೆ ಕರಪತ್ರ ಟೈಪ್ ಮಾಡಿದ್ದು ನುಡಿ, ಬರಹದ ಹಳೆ ಫಾಂಟಿನಲ್ಲಿ. ಅವು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ, ಹುಡುಕಿದರೆ ಸಿಗೋದಿಲ್ಲ. ಯುನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಜಾರಿರ್ತಾವ. ಒಬ್ಬರು ಕೂತು ಕರಡು ತಿದ್ದಲೇಬೇಕು. ಸರ್ವೆ ನಂಬರಿನ ಅಂಕಿಯನ್ನ ಎರಡು ಸಲ ನೋಡ್ರಿ.

ಬಾಗಿಲು ಬಡಿಯೋರು

ಬಾಗೇವಾಡಿಯ ತಮ್ಮ ಒಬ್ಬ ಲಾಗ್ ನೋಡಿ ಫೋನ್ ಮಾಡಿದ. "ಅಕ್ಕಾ, ನಮ್ಮ ಮ್ಯಾಲ ದಾಳಿ ನಡದೈತಿ. ಸಾವಿರಾರು ಸಲ ಪಾಸ್‌ವರ್ಡ್ ಹಾಕಿ ನೋಡ್ಯಾರ." ಅವನ ದನಿಯಲ್ಲಿ ಹೆದರಿಕೆ ಇತ್ತು. ನಮ್ಮ ಬದುಕಿನಾಗ ಬಾಗಿಲು ಬಡಿದೋರು ಯಾವಾಗಲೂ ಒಳ್ಳೇದಕ್ಕೆ ಬಡಿದಿಲ್ಲ, ಆ ಹೆದರಿಕೆಗೆ ಅರ್ಥ ಐತಿ. ಆದರೆ ಇದು ಬೇರೆ. ಇಂಟರ್‌ನೆಟ್ಟಿನಲ್ಲಿ ಯಾವುದೇ ಸರ್ವರಿನ 22ನೇ ಪೋರ್ಟ್ ತೆರೆದಿದ್ದರೆ ಯಂತ್ರಗಳು ಬಂದು ಬಡೀತಾನೇ ಇರ್ತಾವ. ನಾವು ಯಾರು ಅಂತ ಅವಕ್ಕೆ ಗೊತ್ತಿಲ್ಲ.

ಪಾಸ್‌ವರ್ಡ್ ಲಾಗಿನ್ ಪೂರ್ತಿ ಬಂದ್ ಮಾಡಿ ಎಸ್‌ಎಸ್‌ಎಚ್ ಕೀ ಮಾತ್ರ ಇಡ್ರಿ. ಫೇಲ್‌ಟುಬ್ಯಾನ್ ಹಾಕ್ರಿ, ಪದೇಪದೇ ತಪ್ಪು ಕೀಲಿ ತಿರುವೋ ವಿಳಾಸವನ್ನ ಅದು ತಡೀತದ. ಅಪ್‌ಡೇಟ್ ತಡಮಾಡಬ್ಯಾಡ್ರಿ. ಫೈರ್‌ವಾಲ್ ಬದಲಾಗಿ ಎಸ್‌ಎಸ್‌ಎಚ್ ಬಾಗಿಲೇ ಮುಚ್ಚಿಹೋದರೆ ಕಂಪನಿಯ ಪ್ಯಾನೆಲಿನಲ್ಲಿ ಕನ್ಸೋಲ್ ಅಂತ ಇರುತ್ತದೆ. ಸರ್ವರಿಗೆ ಕೀಬೋರ್ಡ್, ಮಾನಿಟರ್ ಹಚ್ಚಿ ಎದುರು ಕೂತಂಗ ಅದು. ಅಲ್ಲಿಂದ ಸರಿಪಡಿಸಬಹುದು.

ನಿಜವಾದ ಅಪಾಯ ಬೇರೆ ಕಡೆ ಐತಿ. ದೌರ್ಜನ್ಯ ಕೇಸಿನ ದೂರುದಾರರ ಹೆಸರು, ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ಸಾಕ್ಷಿಗಳ ಫೋನ್ ನಂಬರು. ಇವನ್ನ ನಾವು ಸರ್ವರಿಗೆ ಏರಿಸೋದೇ ಇಲ್ಲ. ಎಷ್ಟೇ ಬೀಗ ಹಾಕಿದ್ರೂ ಅದು ಬಾಡಿಗೆ ಖೋಲಿ. 2022ರ ಏಪ್ರಿಲ್ 28ರ ಸರ್ಟ್‌ಇನ್ ನಿರ್ದೇಶನದಂತೆ ವಿಪಿಎಸ್ ಕೊಡೋ ಕಂಪನಿಗಳು ಬಾಡಿಗೆದಾರರ ಹೆಸರು, ವಿಳಾಸ, ಐಪಿ ವಿವರವನ್ನ 5 ವರ್ಷ ಇಟ್ಟುಕೊಳ್ಳಬೇಕು. ಗುಟ್ಟಿನ ಜಾಗ ಅಂತ ತಿಳಿದು ಯಾರೂ ಬಳಸಬ್ಯಾಡ್ರಿ. ಸಾರ್ವಜನಿಕ ಆಗಬೇಕಾದ್ದು ಮಾತ್ರ ಅಲ್ಲಿರಲಿ. ಊರಲ್ಲಿ ಬದುಕಬೇಕಾದ ಮನುಷ್ಯರ ಹೆಸರು ನಮ್ಮ ಉತ್ಸಾಹಕ್ಕೆ ಬಯಲಾಗಬಾರದು.

ಬಾಡಿಗೆ ಕಟ್ಟೋದು

2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಡಿತ ಆಗೋ ವ್ಯವಸ್ಥೆ ಬಹಳ ವಿದೇಶಿ ಸೇವೆಗಳಿಗೆ ನಿಂತುಹೋಯ್ತು. ನಮ್ಮದೂ ನಿಂತಿತ್ತು. ಎಚ್ಚರಿಕೆಯ ಈಮೇಲ್ ಹೋಗಿದ್ದು ಖಾತೆ ತೆರೆದ ಹುಡುಗನಿಗೆ. ಅವನು ಕೆಲಸಕ್ಕೆ ಪುಣೆಗೆ ಹೋಗಿದ್ದ, ಆ ಈಮೇಲು ಅವನು ತೆರೆಯದೆ ತಿಂಗಳುಗಳಾಗಿದ್ದವು. ಸರ್ವರು ಅಮಾನತ್ತಾಯ್ತು. ಅಳಿಸೋ ಮುಂಚೆ ಹಣ ಕಟ್ಟಿ ಉಳಿಸಿಕೊಂಡ್ವಿ.

ನಮ್ಮ ತಾಲ್ಲೂಕುಗಳಿಂದ ಪುಣೆ, ಮುಂಬಯಿ, ಗೋವಾ ಅಂತ ಹೋಗೋ ಮಂದಿ ಎಷ್ಟು ಅಂತ ನಿಮಗೆ ಗೊತ್ತು. ಒಬ್ಬರ ಹೆಸರಲ್ಲಿ, ಒಬ್ಬರ ಫೋನಿನಲ್ಲಿ ಇಟ್ಟ ವ್ಯವಸ್ಥೆ ಆ ಒಬ್ಬರು ಬಸ್ಸು ಹತ್ತಿದ ದಿನ ನಿಲ್ಲುತ್ತದೆ. ಈಗ ಸಂಸ್ಥೆಗೆಂದೇ ಒಂದು ಈಮೇಲು. ಮೂವರ ಬಳಿ ಕೀಲಿ. ರಿಕವರಿ ಕೋಡ್ ಕಾಗದದಲ್ಲಿ ಬರೆದು ಎರಡು ಊರಿನಲ್ಲಿ. ಡೊಮೇನಿನ ಹಣ ಮೂರು ವರ್ಷಕ್ಕೆ ಒಮ್ಮೆಲೆ.

ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಶುರು ಮಾಡಿದಾಗ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಹಣ ಕೊಡ್ತೀವಿ ಅಂದರೂ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. 1927ರ 'ಬಹಿಷ್ಕೃತ ಭಾರತ'ವನ್ನೂ ಹಣದ ಮುಗ್ಗಟ್ಟು ಬಿಡಲಿಲ್ಲ. ವಿಚಾರ ಎಷ್ಟೇ ದೊಡ್ಡದಿರಲಿ, ಕಾಗದದ ಬಿಲ್ಲು, ಅಂಚೆಯ ಬಿಲ್ಲು ಕಟ್ಟಲೇಬೇಕು. ನಮ್ಮ ಕಾಲಕ್ಕೆ ಅದು ಸರ್ವರಿನ ಬಿಲ್ಲು. ತಿಂಗಳ 50 ರೂಪಾಯಿ ಕೇಳಿದಾಗ ಮುಖ ತಿರುವಬ್ಯಾಡ್ರಿ.

ಪ್ರತಿ ಇನ್ನೊಂದು ಊರಿನಲ್ಲಿ ಇರಲಿ

ಹಿಂದಿನ ವರ್ಷ ಕಂಪನಿಯ ಯಂತ್ರವೇ ಕೆಟ್ಟಿತು. "ಹಾರ್ಡ್‌ವೇರ್ ದೋಷ, ಸರಿಪಡಿಸುತ್ತಿದ್ದೇವೆ" ಅನ್ನೋ ಒಂದು ಸಾಲಿನ ಉತ್ತರ, ಎರಡು ದಿನ. ಅವರ ಸ್ನಾಪ್‌ಶಾಟ್ ಕೂಡ ಅವರ ಬಳಿಯೇ ಸಿಕ್ಕಿಹಾಕಿಕೊಂಡಿತ್ತು. ಆದರೆ ಮುದ್ದೇಬಿಹಾಳದ ಗೆಳತಿಯ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್ ಇತ್ತು, ಇಂಡಿಯಲ್ಲಿ ಇನ್ನೊಂದು. ಬೇರೆ ಕಡೆ ಹೊಸ ವಿಪಿಎಸ್ ಹಿಡಿದು, ಡಿಸ್ಕಿನಿಂದ ಏರಿಸಿ, ಡೊಮೇನಿನ ವಿಳಾಸ ಹೊಸ ಐಪಿಗೆ ತಿರುಗಿಸಿದ್ವಿ. ಮಧ್ಯಾಹ್ನ ಕೂತೋರು ರಾತ್ರಿ ಊಟದ ಹೊತ್ತಿಗೆ ಎದ್ದ್ವಿ. ಕೈ ನಡುಗಲಿಲ್ಲ, ಯಾಕಂದ್ರ ಬ್ಯಾಕಪ್ ತೆಗೆದು ವಾಪಸ್ ತುಂಬೋದನ್ನ ಮೂರು ತಿಂಗಳಿಗೊಮ್ಮೆ ರೂಢಿ ಮಾಡಿದ್ವಿ. ತುಂಬಿ ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಇನ್ನೊಂದು ಸಣ್ಣ ಮಾತು. ಡಿಎನ್‌ಎಸ್ಸಿನಲ್ಲಿ ಟಿಟಿಎಲ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು ದೊಡ್ಡದಿದ್ದರೆ ಹೊಸ ವಿಳಾಸ ಎಲ್ಲಾ ಫೋನುಗಳಿಗೆ ತಲುಪಲು ದಿನಗಟ್ಟಲೆ ಹಿಡಿಯಬಹುದು. 300 ಸೆಕೆಂಡಿಗೆ ಇಟ್ಟುಕೊಳ್ರಿ.

ಟಿಕೆಟ್ ಬರೆಯೋದು ಟಿಪ್ಪಣಿ ಬರೆದಂಗ

ಕಂಪನಿಗೆ ದೂರು ಕೊಡುವಾಗ "ಸರ್ ಪ್ಲೀಸ್ ಹೆಲ್ಪ್" ಬ್ಯಾಡ. ತಾರೀಖು, ಸಮಯ, ಅದು ಭಾರತೀಯ ಸಮಯ ಅನ್ನೋ ಮಾತು, ಸರ್ವರಿನ ಐಪಿ, ಬಂದ ದೋಷದ ಸಾಲು, ನಾವು ಏನೇನು ನೋಡಿದ್ವಿ, ಏನು ಕೇಳ್ತಿದ್ದೀವಿ. ಆರು ಸಾಲು. ಇದು ಕಡತದ ಟಿಪ್ಪಣಿಯೇ ಅಲ್ಲವಾ? ಆವಕ, ಜಾವಕ, ವಿಷಯ, ಉಲ್ಲೇಖ. ಕೆಟ್ಟಿದ್ದು ಏನು, ಸರಿ ಮಾಡಿದ್ದು ಹೆಂಗ ಅನ್ನೋದಕ್ಕೆ ನಾವೊಂದು ವಹಿ ಇಟ್ಟೀವಿ. 43 ನಮೂದು ಆಗ್ಯಾವ. ಸಿಂದಗಿಯ ಹತ್ತನೇ ತರಗತಿ ಹುಡುಗಿ ಒಬ್ಬಳು ಆ ವಹಿ ನೋಡಿಕೊಂಡೇ ಒಮ್ಮೆ ಸೈಟ್ ಎಬ್ಬಿಸಿದಳು. ನಾನು ಆಗ ಮೀಟಿಂಗಿನಲ್ಲಿದ್ದೆ, ಫೋನ್ ಸೈಲೆಂಟ್ ಇತ್ತು. ಹೊರಗೆ ಬಂದು ನೋಡಿದರೆ ಮೆಸೇಜ್: "ಅಕ್ಕಾ, ನಮೂದು 17 ನೋಡಿ ಮಾಡೀನ್ರಿ. ಚಾಲೂ ಆತು."

ಪ್ರತಿ ತಿಂಗಳ ಮೊದಲ ಭಾನುವಾರ ನಾಲ್ಕೂ ತಾಲ್ಲೂಕಿನವರು ಕೂಡ್ತೀವಿ. ಈ ಸಲ ಬಸವನ ಬಾಗೇವಾಡಿಯಲ್ಲಿ. ಲ್ಯಾಪ್‌ಟಾಪ್ ಇದ್ದೋರು ತರ್ರಿ, ಇಲ್ಲದೋರು ಹಂಗೇ ಬರ್ರಿ, ಎರಡು ಇರ್ತಾವ. ಹೆಣ್ಣುಮಕ್ಕಳನ್ನ ಕಳಿಸ್ರಿ. ಮನೆಯ ಟ್ರಂಕಿನಲ್ಲಿ ಹಳೆ ಕಾಗದ ಇದ್ದರೆ ಮಡಿಕೆ ಬಿಚ್ಚದೆ ಪ್ಲಾಸ್ಟಿಕ್ ಚೀಲದಲ್ಲಿ ತರ್ರಿ, ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡ್ತೀವಿ. ಬೇರೆ ಜಿಲ್ಲೆಯವರಿಗೆ ವಹಿಯ ಪ್ರತಿ ಬೇಕಾದ್ರ ಇನ್‌ಬಾಕ್ಸಿಗೆ ಬರ್ರಿ, ಪುಕ್ಕಟೆ.

ಜೈ ಭೀಮ್.